ಮೀನೆಣ್ಣಿ ಗುಳಿಗಿ ತಗೊಳ್ಳೋ ಮುಂದ ಡಬ್ಬಿ ಹಿಂದ ಓದ್ರಿ

ನಮಸ್ಕಾರ್ರೀ ಎಲ್ಲಾರಿಗೂ. ವಿಜಯಪುರದಾಗ ಅವ್ವಗಂತ ಮೀನೆಣ್ಣಿ ಗುಳಿಗಿ ತರಾಕ ಹೋದಾಗ ನಾನೂ ಮೊದಲ ‘1000 ಮಿ.ಗ್ರಾಂ’ ಅನ್ನೋ ದೊಡ್ಡ ಅಕ್ಷರ ನೋಡೇ ತಗೊಂಡಿದ್ದೆ. ಅದು ಬರೇ ಎಣ್ಣಿ ತೂಕ. ನಮಗ ಬೇಕಾಗಿರೋ ಒಮೇಗಾ-3 ಅಂದ್ರ ಅದರಾಗಿರೋ ಇಪಿಎ ಮತ್ತ ಡಿಎಚ್‌ಎ ಅನ್ನೋ ಎರಡ ನಮೂನಿ ಕೊಬ್ಬು. ಸಾದಾ ಗುಳಿಗ್ಯಾಗ ಹೆಚ್ಚಾಗಿ ಇಪಿಎ 180, ಡಿಎಚ್‌ಎ 120, ಕೂಡಿ 300 ಮಿ.ಗ್ರಾಂ ಅಷ್ಟ ಇರತೈತಿ. ಉಳದದ್ದು ಬ್ಯಾರೆ ಕೊಬ್ಬು. ಹಿಂದಿನ ಸಣ್ಣ ಅಕ್ಷರದಾಗ ಈ ಎರಡೂ ಅಂಕಿ ಬಿಡಿಬಿಡಿಯಾಗಿ ಇಲ್ಲಂದ್ರ ನಾ ಈಗ ಆ ಡಬ್ಬಿ ವಾಪಸ್ ಇಡತೀನಿ. ಆ ಅಂಕಿ ಒಂದ ಗುಳಿಗಿಗೋ, ಎರಡಕ್ಕೋ ಅಂತನೂ ನೋಡ್ರಿ. ದರಾ ಹೋಲಿಸೋದು ಆಮ್ಯಾಲ.

ನಮ್ಮ ಕಡೆ ಬ್ಯಾಸಗಿ 40 ಡಿಗ್ರಿ ದಾಟತೈತಲ್ರೀ, ಈ ಎಣ್ಣಿ ಬಿಸಿಗೆ, ಗಾಳಿಗೆ ಲಗೂನ ಕಮಟ ಆಗತೈತಿ. ಡಬ್ಬಿ ತಂದ ದಿನಾನ ಒಂದ ಗುಳಿಗಿ ಕತ್ತರಿಸಿ ಮೂಸಿ ನೋಡ್ರಿ. ಸ್ವಲ್ಪ ಮೀನ ವಾಸನಿ ಸಹಜ. ಹಳೇ ಪೇಂಟ್ ಡಬ್ಬಿ ಹಂಗ ಘಾಟು ಹೊಡದ್ರ ತಿನಬ್ಯಾಡ್ರಿ. ಲಿಂಬಿ ಪರಿಮಳ ಹಾಕಿದ್ದರ ಮೂಗಿಗೆ ಗೊತ್ತಾಗೂದು ಕಷ್ಟ.

ಕಾಡ್ ಲಿವರ್ ಎಣ್ಣಿ, ಅಂದ್ರ ಕಾಡ್ ಅನ್ನೋ ಮೀನಿನ ಲಿವರ್‌ದಿಂದ ತಗದ ಎಣ್ಣಿ, ಬ್ಯಾರೆ. ಅದರಾಗ ವಿಟಮಿನ್ ಎ ಇರತೈತಿ, ಬಸುರಿ ಹೆಣ್ಮಕ್ಕಳು ಡಾಕ್ಟರನ್ನ ಕೇಳದ ತಗೋಬ್ಯಾಡ್ರಿ. ರಕ್ತ ತೆಳು ಮಾಡೋ ಗುಳಿಗಿ ತಗೊಳ್ಳೋರು ಯಾವ ಮೀನೆಣ್ಣಿಗೂ ಮೊದಲ ಕೇಳ್ರಿ.

ಮಾಂಸಾಹಾರ ಮಾಡದವರಿಗೆ ಪಾಚಿ ಎಣ್ಣಿ ಸಿಗತೈತಿ. ಅದರ ಹೊರಗಿನ ಪೊರೆ ಜಿಲೆಟಿನ್‌ದು (ಪ್ರಾಣಿಗಳ ಚರ್ಮ, ಎಲುಬಿನಿಂದ ಮಾಡಿದ್ದು) ಅಲ್ಲಂತ ಖಾತ್ರಿ ಮಾಡ್ಕೊಳ್ರಿ. ನಮ್ಮ ಅಗಸಿ ಚಟ್ನಿ ಛಲೋನ, ಬಿಡಬ್ಯಾಡ್ರಿ. ಆದ್ರ ಅದರಾಗಿರೋದು ಎಎಲ್‌ಎ ಅನ್ನೋ ಬ್ಯಾರೆ ನಮೂನಿ ಒಮೇಗಾ-3, ಮೈಯಾಗ ಅದು ಇಪಿಎ, ಡಿಎಚ್‌ಎ ಆಗೋದು ಭಾಳ ಕಡಿಮಿ.