ಈಕ್ವೆಡಾರ್‌ನ ಬಂದರು ನಗರ ಗ್ವಾಯಾಕಿಲ್‌ಗೆ ಬರುತ್ತಿರುವ ನಮ್ಮವರಿಗೆ

ಕಾಗದಪತ್ರದ ಮಾತು ಮೊದಲು ಮುಗಿಸಿಬಿಡೋಣ. ಜನನ ಪತ್ರ, ಮದುವೆ ಪತ್ರಕ್ಕೆ ಅಪೊಸ್ಟಿಲ್ (ಪತ್ರ ಅಸಲಿ ಅನ್ನುವ ಸರ್ಕಾರಿ ಮುದ್ರೆ) ಭಾರತದಲ್ಲೇ ಮಾಡಿಸಿಕೊಂಡು ಬನ್ನಿ. ಇಲ್ಲಿ ಸೆದುಲಾ, ಅಂದರೆ ಗುರುತಿನ ಚೀಟಿ, ಮಾಡಿಸಿ. ಈಕ್ವೆಡಾರ್‌ನಲ್ಲಿ 2000ದಿಂದ ಡಾಲರೇ ದುಡ್ಡು, ಚಿಲ್ಲರೆ ಜಾಸ್ತಿ ಇಟ್ಟುಕೊಳ್ಳಿ.

ಇನ್ನು 'ವಕೂನಾ' ಅನ್ನುವ ಪದ. ನಿಘಂಟಿನಲ್ಲಿ ಅದು ಲಸಿಕೆ. ಬೀದಿಯಲ್ಲಿ ಗ್ಯಾಂಗಿನವರು ಅಂಗಡಿಯವರಿಂದ ಕೀಳುವ ಹಫ್ತಾ. 2023ರಲ್ಲಿ ನಮ್ಮ ಬೀದಿಯ ಬ್ರೆಡ್ ಅಂಗಡಿಯವರು "ನನಗೂ ವಕೂನಾ ಕೇಳಿದ್ದಾರೆ" ಅಂದರು. ನನ್ನ ಅರೆಬರೆ ಸ್ಪ್ಯಾನಿಷ್‌ನಲ್ಲಿ "ಹೆದರಬೇಡಿ, ಹಾಕಿಸಿಕೊಳ್ಳಿ, ಮಕ್ಕಳಿಗೂ ಹಾಕಿಸಿ" ಅಂದುಬಿಟ್ಟೆ. ಅವರು ಮಾತಾಡಲಿಲ್ಲ. ಬ್ರೆಡ್ಡನ್ನು ಕಾಗದದ ಚೀಲಕ್ಕೆ ಹಾಕಿ, ಬಾಯಿಯನ್ನು ಎರಡು ಸಲ ಮಡಚಿ ಕೈಗಿಟ್ಟರು. ತಿಂಗಳೊಳಗೆ ಅಂಗಡಿ ಮುಚ್ಚಿತು. ಆ ಮಾತು ನೆನಪಾದರೆ ಈಗಲೂ ಕರುಳು ಹಿಂಡುತ್ತದೆ.

"ಇವರ ರಾಜಕೀಯ ನಮಗ್ಯಾಕೆ" ಅಂದುಕೊಂಡಿದ್ದು ನನ್ನ ಇನ್ನೊಂದು ತಪ್ಪು. ಅದೇ 2023ರ ಮೇ ತಿಂಗಳಲ್ಲಿ ಆಗಿನ ಅಧ್ಯಕ್ಷ ಲಾಸ್ಸೊ ಸಂಸತ್ತನ್ನೇ ವಿಸರ್ಜಿಸಿದರು. ಹಾಗೆ ಮಾಡಿದರೆ ಅಧ್ಯಕ್ಷರ ಕುರ್ಚಿಗೂ ಚುನಾವಣೆ ನಡೆಯಬೇಕು. ಅದಕ್ಕೇ ಇಲ್ಲಿನವರು ಅದನ್ನು 'ಅಡ್ಡ ಸಾವು', ಅಂದರೆ ಇಬ್ಬರಿಗೂ ಸಾವು, ಅನ್ನುತ್ತಾರೆ. ಮತದಾನಕ್ಕೆ ಹನ್ನೊಂದು ದಿನ ಇರುವಾಗ, ಆಗಸ್ಟ್ 9ರಂದು, ಅಧ್ಯಕ್ಷ ಸ್ಥಾನದ ಅಭ್ಯರ್ಥಿ ವಿಲ್ಯಾವಿಸೆನ್ಸಿಯೊ ಅವರನ್ನು ರಾಜಧಾನಿ ಕೀಟೊದಲ್ಲಿ ಸಭೆ ಮುಗಿಸಿ ಹೊರಬರುತ್ತಿದ್ದಂತೆ ಗುಂಡಿಟ್ಟು ಕೊಂದರು. ಕೊನೆಗೆ 35ರ ವಯಸ್ಸಿನ ನೊಬೊವಾ ಅಧ್ಯಕ್ಷರಾದರು. ಬ್ರೆಡ್ ಅಂಗಡಿಯವರ ಭಯಕ್ಕೂ ಈ ಸುದ್ದಿಗೂ ಒಂದೇ ಬೇರು ಅಂತ ನನಗೆ ಹೊಳೆಯಲೇ ಇಲ್ಲ. ಆ ಗ್ಯಾಂಗುಗಳ ಕೊಕೇನ್ ಸಾಗುವುದು ಈ ಗ್ವಾಯಾಕಿಲ್ ಬಂದರಿನಿಂದಲೇ, ಬಾಳೆಹಣ್ಣಿನ ಕಂಟೇನರುಗಳ ಜೊತೆ.

2024ರ ಜನವರಿ 7ರಂದು ಫೀತೊ ಅನ್ನುವ ಗ್ಯಾಂಗ್ ನಾಯಕ ಇಲ್ಲಿನ ಜೈಲಿನಿಂದ ಕಾಣೆಯಾದ. 9ರ ಮಂಗಳವಾರ ಮಧ್ಯಾಹ್ನ ಟಿವಿ ಸ್ಟುಡಿಯೊಗೆ ಬಂದೂಕುಧಾರಿಗಳು ನುಗ್ಗಿದ್ದು ನೇರ ಪ್ರಸಾರದಲ್ಲೇ ಕಾಣಿಸಿತು. ನಾನು ಮಗಳ ಶಾಲೆಯ ಕಡೆ ಓಡಿದೆ. ಇಡೀ ಊರೇ ರಸ್ತೆಗಿಳಿದಿತ್ತು, ಮೂರು ಗಂಟೆ ಕಾರಲ್ಲೇ ಸಿಕ್ಕಿಕೊಂಡೆ. "ಮಕ್ಕಳು ಒಳಗೆ ಕ್ಷೇಮ, ಯಾರೂ ಬರಬೇಡಿ" ಅಂತ ಟೀಚರ್ ಮೆಸೇಜ್ ಆಗಲೇ ಬಂದಿತ್ತು. ನಾನು ಓದಿರಲಿಲ್ಲ. ದಯವಿಟ್ಟು ಮೊದಲು ಮೆಸೇಜ್ ಓದಿ, ಇದ್ದಲ್ಲೇ ಇರಿ. ಆ ದಿನಗಳಲ್ಲಿ ರಾತ್ರಿ ಹನ್ನೊಂದರಿಂದ ಐದರವರೆಗೆ ಕರ್ಫ್ಯೂ ಇತ್ತು, ಮಕ್ಕಳಿಗೆ ಮನೆಯಲ್ಲೇ ಆನ್‌ಲೈನ್ ಪಾಠ ನಡೆಯಿತು.

ಚಿನ್ನ ಹಾಕಿಕೊಂಡು ಹೊರಗೆ ಹೋಗಬೇಡಿ, ತಾಳಿ ಸರವೂ ಬೇಡ. ನನ್ನದು ಬೀರುವಿನಲ್ಲಿದೆ. ವಿಡಿಯೋ ಕಾಲ್‌ನಲ್ಲಿ ಅಮ್ಮ "ಕತ್ತು ಬರಿದಾಗಿದೆಯಲ್ಲೇ" ಅಂದಾಗ ಏನು ಹೇಳಲಿ? ಕರಿಮಣಿಯ ಒಂದೆಳೆ ದಾರದಲ್ಲಿ ಪೋಣಿಸಿಕೊಂಡಿದ್ದೇನೆ. ಮಕ್ಕಳಿಗೆ ಎಷ್ಟು ಹೇಳಬೇಕು ಅನ್ನುವುದು ಇನ್ನೂ ಕಷ್ಟ. ನಾನು ಜಾಸ್ತಿಯೇ ಹೇಳಿದೆ ಅನ್ನಿಸುತ್ತದೆ. ಹೋದ ರಜೆಯಲ್ಲಿ ದಾವಣಗೆರೆಗೆ ಹೋಗಿದ್ದೆವು. ಅಜ್ಜಿ ಬೆಳಗ್ಗೆ ರಂಗೋಲಿ ಹಾಕಿ ಬಾಗಿಲು ತೆರೆದಿಟ್ಟು ಒಳಗೆ ಹೋಗುವುದು, ಮಗಳು ಎದ್ದು ಹೋಗಿ ಚಿಲಕ ಹಾಕುವುದು. ನಾಲ್ಕನೇ ದಿನ ಅಜ್ಜಿ ಕೇಳಿದರು, "ಯಾರು ಬರ್ತಾರೆ ಪುಟ್ಟಿ?" ಅವಳು ಉತ್ತರ ಕೊಡಲಿಲ್ಲ, ಚಿಲಕದಿಂದ ಕೈಯನ್ನೂ ತೆಗೆಯಲಿಲ್ಲ.