ಎರೆ ಮಣ್ಣಿನ ಹಿತ್ತಲಲ್ಲಿ ಬೀಟ್‌ರೂಟ್ ಬೆಳೆಯುವ ಬಗೆ

ಬೀಟ್‌ರೂಟ್ ಪಾಲಕ್, ರಾಜಗಿರಿ ಸೊಪ್ಪುಗಳ ಕುಟುಂಬಕ್ಕೆ ಸೇರಿದ ಗಿಡ. ಆದ್ದರಿಂದ ಅದರ ಗಡ್ಡೆಯಷ್ಟೇ ಎಲೆಯೂ ಅಡುಗೆಗೆ ಬರುತ್ತದೆ. ಇದೇ ಜಾತಿಯ ಬಿಳಿ ಗಡ್ಡೆಯಲ್ಲಿ ಇರುವುದು ಕಬ್ಬಿನಲ್ಲಿರುವ ಸಕ್ಕರೆಯೇ ಎಂಬುದನ್ನು ಜರ್ಮನಿಯ ರಸಾಯನ ವಿಜ್ಞಾನಿ ಮಾರ್ಗ್ರಾಫ್ 1747ರಲ್ಲಿ ತೋರಿಸಿಕೊಟ್ಟರು.

ಈ ಬೆಳೆಗೆ 15ರಿಂದ 25 ಡಿಗ್ರಿಯ ತಂಪು ಹಿತವಾದ್ದರಿಂದ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಅಕ್ಟೋಬರ್ ಕೊನೆಯಿಂದ ನವೆಂಬರ್ ಮುಗಿಯುವುದರೊಳಗೆ ಬೀಜ ಹಾಕುವುದು ಒಳ್ಳೆಯದು. ನಮ್ಮ ಎರೆ ಮಣ್ಣು ತೊಯ್ದರೆ ಅಂಟಾಗಿ, ಒಣಗಿದರೆ ಬಿರುಕು ಬಿಟ್ಟು ಗಟ್ಟಿಯಾಗುವುದರಿಂದ ಗಡ್ಡೆ ದುಂಡಗೆ ಬೆಳೆಯಲಾರದು. ಹೀಗಾಗಿ ಮಣ್ಣಿಗೆ ಮರಳನ್ನೂ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನೂ ಬೆರೆಸಿ, ಸುಮಾರು ಅರ್ಧ ಅಡಿ ಎತ್ತರದ ಮಡಿ ಮಾಡಿಕೊಳ್ಳಬೇಕು. ಹಸಿ ಗೊಬ್ಬರ ಬೇಡ, ಬೇರು ಕವಲೊಡೆಯುತ್ತದೆ.

ರಾತ್ರಿ ನೀರಿನಲ್ಲಿ ನೆನೆಸಿದ ಬೀಜವನ್ನು ಮರುದಿನ ಸಾಲಿನಿಂದ ಸಾಲಿಗೆ ಒಂದಡಿ, ಸಾಲಿನೊಳಗೆ ನಾಲ್ಕಿಂಚು ಅಂತರ ಬಿಟ್ಟು, ಮುಕ್ಕಾಲು ಇಂಚು ಆಳದಲ್ಲಿ ಊರಬೇಕು. ಒರಟೊರಟಾಗಿ ಕಾಣುವ ಆ ಬೀಜ ವಾಸ್ತವವಾಗಿ ಒಣಗಿದ ಕಾಯಿಗಳ ಗೊಂಚಲು. ಅದರೊಳಗೆ ಹಲವು ಬೀಜಗಳು ಇರುವುದರಿಂದ ಒಂದೇ ಕಡೆ ಮೂರು ನಾಲ್ಕು ಸಸಿಗಳು ಒತ್ತೊತ್ತಾಗಿ ಏಳುತ್ತವೆ. ಬೆಳೆ ಕೈಗೂಡುವುದೂ ಕೆಡುವುದೂ ಇಲ್ಲಿಯೇ ಎಂದು ನನ್ನ ದೃಢ ಅಭಿಪ್ರಾಯ. ಸಸಿ ಎರಡು ಮೂರಿಂಚು ಎತ್ತರವಾದಾಗ ಗಟ್ಟಿಯಾದ ಒಂದನ್ನು ಉಳಿಸಿ, ಮಿಕ್ಕವನ್ನು ಮಣ್ಣಿನ ಮಟ್ಟಕ್ಕೆ ಕತ್ತರಿಯಿಂದ ಕತ್ತರಿಸಬೇಕು. ಕಿತ್ತರೆ ಪಕ್ಕದ ಸಸಿಯ ಬೇರೂ ಅಲುಗುತ್ತದೆ. ಮನಸ್ಸು ಬಾರದೆ ಎಲ್ಲವನ್ನೂ ಉಳಿಸಿಕೊಂಡರೆ ಬರೀ ಸೊಪ್ಪು ಬೆಳೆದು ಗಡ್ಡೆ ಬೆರಳಿನಷ್ಟೇ ಉಳಿಯುತ್ತದೆ. ಕತ್ತರಿಸಿದ ಎಳೆಯ ಸಸಿಗಳನ್ನು ಬೇಳೆಗೆ ಹಾಕಬಹುದು.

ಮುಂದಿನದು ನೀರಿನ ಕೆಲಸ. ಮಡಿ ಪೂರ್ತಿ ಒಣಗಿದ ಮೇಲೆ ಒಮ್ಮೆಲೇ ನೀರು ಹಾಯಿಸಿದರೆ ಗಡ್ಡೆ ಸೀಳುತ್ತದೆ. ಆದ್ದರಿಂದ ಹದವಾದ ತೇವ ಸದಾ ಇರಬೇಕು. 55ರಿಂದ 70 ದಿನಗಳಲ್ಲಿ, ಗಡ್ಡೆ ಮುಷ್ಟಿಗಿಂತ ದೊಡ್ಡದಾಗುವ ಮೊದಲೇ ಕೀಳಬೇಕು, ಬಲಿತರೆ ನಾರಾಗುತ್ತದೆ.

ಬೇಯಿಸುವಾಗ ಒಂದಿಂಚು ದಂಟು ಉಳಿಸಿ, ತುದಿಬೇರನ್ನೂ ಸಿಪ್ಪೆಯನ್ನೂ ತೆಗೆಯದೆ ಇಡೀ ಗಡ್ಡೆಯನ್ನೇ ಹಾಕಬೇಕು. ಅದರ ಕೆಂಪು ಬಣ್ಣ ನೀರಿನಲ್ಲಿ ಕರಗುವಂಥದ್ದು; ಹೆಚ್ಚಿ ಹಾಕಿದರೆ ಬಣ್ಣವೂ ಸಿಹಿಯೂ ನೀರಿನ ಪಾಲಾಗುತ್ತವೆ. ಬೆಂದ ಮೇಲೆ ಸಿಪ್ಪೆ ಕೈಯಿಂದಲೇ ಸುಲಿದು ಬರುತ್ತದೆ. ಅದನ್ನು ತುರಿದು ಒಗ್ಗರಣೆ ಕೊಟ್ಟು, ಶೇಂಗಾ ಪುಡಿ ಉದುರಿಸಿದರೆ ಜೋಳದ ರೊಟ್ಟಿಗೆ ಸೊಗಸಾದ ಪಲ್ಯ. ತಿಂದ ಮರುದಿನ ಕೆಲವರಿಗೆ ಮೂತ್ರ ಕೆಂಪಾಗುವುದುಂಟು. ಅದು ಬಣ್ಣದ ಪರಿಣಾಮವಷ್ಟೇ, ಗಾಬರಿ ಬೇಡ. ಆದರೆ ಗಡ್ಡೆಯಲ್ಲೂ ಎಲೆಯಲ್ಲೂ ಹರಳು ಕಟ್ಟಲು ಕಾರಣವಾಗಬಲ್ಲ ಆಕ್ಸಲೇಟ್ ಎಂಬ ಅಂಶ ಹೆಚ್ಚಿರುವುದರಿಂದ ಮೂತ್ರಪಿಂಡದಲ್ಲಿ ಹರಳಾಗಿರುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು.