ಗೀಸರ್ ಥರ್ಮೋಸ್ಟಾಟ್ ಬದಲಿ ಮಾಡೋದು ಹೆಂಗ? ಕಟೌಟ್ ಮಾತ್ರ ತಗೀಬ್ಯಾಡ್ರಿ

ಧಾರವಾಡದಾಗ ಡಿಸೆಂಬರ್ ಥಂಡಿ ಶುರುವಾತು ಅಂದ್ರ ಗೀಸರ್ ತಕರಾರೂ ಶುರುವಾದಂಗ. ಒಂದೋ ನೀರು ಕಾಯಂಗಿಲ್ಲ, ಇಲ್ಲಾ ಕೊತಕೊತ ಕುದ್ದು ವಾಲ್ವ್‌ನಿಂದ ಹಬಿ ಬರತೈತಿ. ಇಂಥ ಟೈಮ್‌ನಾಗ ಭಾಳ ಸಲ ಕೆಟ್ಟಿರೋದು ಕೆಳಗಿನ ಸಣ್ಣ ಥರ್ಮೋಸ್ಟಾಟ್, ಅದನ್ನ ಬದಲಿ ಮಾಡಿದ್ರ ಆತು, ಹೊಸ ಗೀಸರ್ ತರೋದೇನೂ ಬೇಕಾಗಿಲ್ಲ.

ಮೊದಲು ಎರಡು ಸಾಮಾನು ಬ್ಯಾರೆ ಬ್ಯಾರೆ ಅಂತ ತಿಳ್ಕೋರಿ. ಥರ್ಮೋಸ್ಟಾಟ್ ಅಂದ್ರ ನೀರು ಸೆಟ್ ಮಾಡಿದಷ್ಟು ಕಾದ ಕೂಡಲೇ ಎಲಿಮೆಂಟಿಗೆ (ನೀರು ಕಾಸೋ ಕಾಯಿಲ್‌ಗೆ) ಕರೆಂಟ್ ಬಂದ್ ಮಾಡಿ, ತಣ್ಣಗಾದ ಮ್ಯಾಲೆ ಮತ್ತ ಕೊಡೋದು. ಕಟೌಟ್ ಅಂದ್ರ ಥರ್ಮೋಸ್ಟಾಟ್ ಕೈಕೊಟ್ಟಾಗ, ನೀರು ಕುದಿಯೋಕಿಂತ ಮೊದಲ, ಲೈನ್ ಕಡಿಯೋದು, ಭಾಳಷ್ಟು ಗೀಸರ್‌ನಾಗ ಇದಕ್ಕ ಸಣ್ಣ ರೀಸೆಟ್ ಬಟನ್ ಇರತೈತಿ. ಕಟೌಟ್ ಪದೇ ಪದೇ ಬೀಳಾಕತ್ರ ಕೆಲವ್ರು ಅದನ್ನ ತಗದು "ಡೈರೆಕ್ಟ್" ಕೊಟ್ಟು ಹೋಗ್ತಾರ. ಕೈ ಮುಗದು ಹೇಳ್ತೀನಿ, ಅದೊಂದು ಮಾಡಿಸ್ಬ್ಯಾಡ್ರಿ. ಕಟೌಟ್ ಬೀಳತೈತಿ ಅಂದ್ರ ಥರ್ಮೋಸ್ಟಾಟ್ ಅಂಟಿಕೊಂಡಿರಬಹುದು ಅಂತ ಅರ್ಥ, ಅದರ ಮ್ಯಾಲೆ ಪ್ರೆಶರ್ ವಾಲ್ವೂ ಬೋರ್‌ವೆಲ್ ನೀರಿನ ಸುಣ್ಣದಿಂದ ಜಾಮ್ ಆಗಿದ್ರ ಟ್ಯಾಂಕ್ ಒಡೀತೈತಿ, ಕೆಳಗ ಸ್ನಾನ ಮಾಡೋರು ಯಾರೋ ಇರ್ತಾರ.

ಈಗ ಕೆಲಸ. ಮೇನ್ ಬೋರ್ಡ್‌ನಾಗ ಗೀಸರಿಂದು ಎಂಸಿಬಿ (ಲೋಡ್ ಜಾಸ್ತಿ ಆದ್ರ ತಾನ ಬೀಳೋ ಸ್ವಿಚ್) ಕೆಳಗ ಮಾಡಿ ಆಫ್ ಮಾಡ್ರಿ, ಪ್ಲಗ್ ಕಿತ್ತು ಹೊರಗ ಇಡ್ರಿ. ಬರೇ ಸ್ವಿಚ್ ಆಫ್ ಮಾಡಿ ಕೈ ಹಾಕ್ಬ್ಯಾಡ್ರಿ, ಯಾಕಂದ್ರ ಹಳೇ ಮನಿಯಾಗ ಸ್ವಿಚ್ ನ್ಯೂಟ್ರಲ್‌ಗೆ ಕೂಡಿಸಿದ್ರ ಆಫ್ ಇದ್ರೂ ಗೀಸರ್ ಒಳಗ ಫೇಸ್ ಇದ್ದ ಇರತೈತಿ. ಪ್ಲಗ್ ಇಲ್ದ ನೇರ ಕೂಡಿಸಿದ ಗೀಸರ್ ಇದ್ರ ಕವರ್ ತಗದ ಮ್ಯಾಲೆ ಟೆಸ್ಟರ್ ಹಚ್ಚಿ ನೋಡ್ರಿ. ಬಾತ್‌ರೂಮ್ ನೆಲ ಒಣಗಿರ್ಲಿ, ಕಾಲಾಗ ರಬ್ಬರ್ ಚಪ್ಲಿ ಇರ್ಲಿ. ಕವರ್ ಸ್ಕ್ರೂ ಬಿಚ್ಚಿದ ಕೂಡ್ಲೇ ವೈರ್ ಎಲ್ಲಿಂದ ಎಲ್ಲಿಗೆ ಹೋಗ್ಯಾವು ಅಂತ ಮೊಬೈಲ್‌ನಾಗ ಫೋಟೊ ಹೊಡ್ಕೋರಿ.

ಆಮ್ಯಾಲೆ ವೈರ್ ಬಿಚ್ಚಿ ಮಲ್ಟಿಮೀಟರ್ ಹಚ್ಚರಿ. 2000 ವ್ಯಾಟ್ ಎಲಿಮೆಂಟ್ ಇದ್ರ ಅದರ ಎರಡು ಪಿನ್ ನಡುವ ಸುಮಾರು 26 ಓಮ್ ತೋರಿಸ್ಬೇಕು. ಪಿನ್‌ಗೂ ಬಾಡಿಗೂ ನಡುವ ಏನೂ ತೋರಿಸ್ಬಾರ್ದು, ತೋರಿಸಿದ್ರ ಎಲಿಮೆಂಟಿಂದ ಬಾಡಿಗೆ ಕರೆಂಟ್ ಲೀಕ್ ಆಗಾಕತ್ತೈತಿ, ಥರ್ಮೋಸ್ಟಾಟ್ ಹಾಕಿ ಉಪಯೋಗಿಲ್ಲ. ತಣ್ಣಗಿದ್ದಾಗ ಥರ್ಮೋಸ್ಟಾಟಿನ ಎರಡು ಪಿನ್ ನಡುವ ಬೀಪ್ ಬರಬೇಕು, ಬರಲಿಲ್ಲ ಅಂದ್ರ ಅದು ಹೋತು. ಅಂಟಿಕೊಂಡ ಥರ್ಮೋಸ್ಟಾಟ್ ಮಾತ್ರ ತಣ್ಣಗಿದ್ದಾಗ ಬೀಪ್ ಕೊಟ್ಟ ಕೊಡತೈತಿ, ಅದರ ಗುರುತು ನೀರು ಕುದಿಯೋದು, ಇಲ್ಲಾ ಕಟೌಟ್ ಪದೇ ಪದೇ ಬೀಳೋದು.

ಹೊಸದು ತರಾಕ ಹುಬ್ಬಳ್ಳಿ ಕೊಪ್ಪೀಕರ್ ರೋಡಿಗೆ ಹೋಗ್ರಿ, ಧಾರವಾಡದ ಸುಭಾಸ ರೋಡಿಗೆ ಹೋಗ್ರಿ, ಹಳೇದು ಕೈಯಾಗ ಇರ್ಲಿ. ಥರ್ಮೋಸ್ಟಾಟಿನ ರಾಡ್ ಉದ್ದ ಹಳೇದರಷ್ಟ ಇರಬೇಕು, ರೇಟಿಂಗ್ 16 ಆಂಪಿಯರ್‌ಕಿಂತ ಕಮ್ಮಿ ಬ್ಯಾಡ.

ರಾಡ್ ಅನ್ನ ಎಲಿಮೆಂಟ್ ಪ್ಲೇಟಿನ ಸಣ್ಣ ಪೈಪಿನೊಳಗ ಪೂರ್ತಿ ಸರಿಸ್ರಿ, ಆ ಪೈಪಿಗೆ ನೀರು ಬರಂಗಿಲ್ಲ, ಹಂಗಾಗಿ ಟ್ಯಾಂಕ್ ಖಾಲಿ ಮಾಡೋದು ಬ್ಯಾಡ. ಅದರೊಳಗಿಂದ ನೀರು ಸೋರಿದ್ರ ಪೈಪ್ ತೂತಾಗೈತಿ, ಎಲಿಮೆಂಟ್ ಹೊಸದ ಬೇಕು. ವೈರಿಂಗ್ ಹಿಂಗ: ಫೇಸ್ ಮೊದಲು ಕಟೌಟಿಗೆ, ಅಲ್ಲಿಂದ ಥರ್ಮೋಸ್ಟಾಟಿನ ಒಂದು ಪಿನ್ನಿಗೆ, ಇನ್ನೊಂದು ಪಿನ್ನಿಂದ ಎಲಿಮೆಂಟಿಗೆ. ನ್ಯೂಟ್ರಲ್ ಎಲಿಮೆಂಟಿನ ಎರಡನೇ ಪಿನ್ನಿಗೆ, ಕಟೌಟ್ ನಾಕು ಪಿನ್ನಿಂದಿದ್ರ ನ್ಯೂಟ್ರಲ್ಲೂ ಅದರ ಮುಖಾಂತರ ಹೋಗ್ತೈತಿ. ಗೀಸರಿನ ಪ್ಲಗ್ ವೈರ್‌ನಾಗ ಕಂದು ಬಣ್ಣದ್ದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ಥಿಂಗ್. ಆದ್ರ ಮನಿ ವೈರಿಂಗ್‌ನಾಗ ಕೆಂಪು, ಹಳದಿ, ನೀಲಿ ಮೂರೂ ಫೇಸ್, ಕರೀದು ನ್ಯೂಟ್ರಲ್, ಅದಕ್ಕ ಬೋರ್ಡ್‌ನಾಗ ನೀಲಿ ಕಂಡ್ರ ನ್ಯೂಟ್ರಲ್ ಅಂತ ನಂಬಬ್ಯಾಡ್ರಿ. ಅರ್ಥ್ ವೈರ್ ಟ್ಯಾಂಕಿನ ಬೋಲ್ಟಿಗೆ ಗಟ್ಟಿ ಕೂಡ್ರಬೇಕು.

ಲಗ್ಗಿನ (ವೈರಿನ ತುದಿಗೆ ಹಾಕಿ ಪಿನ್ನಿಗೆ ಕೂಡಿಸೋ ಲೋಹದ ಕ್ಲಿಪ್ಪಿನ) ಕಡೆ ಲಕ್ಷ್ಯ ಕೊಡ್ರಿ. 2000 ವ್ಯಾಟ್ ಅಂದ್ರ ಹೆಚ್ಚುಕಮ್ಮಿ 9 ಆಂಪಿಯರ್ ಹರೀತೈತಿ, ಲಗ್ ಸಡಿಲಿದ್ರ ಅಲ್ಲೇ ಕಾದು ಪ್ಲಾಸ್ಟಿಕ್ ಕರಗತೈತಿ. ಕರ್ರಗಾದ ಲಗ್ ಮತ್ತ ಒತ್ತಿ ಹಾಕ್ಬ್ಯಾಡ್ರಿ, ವೈರನ್ನ ತಾಮ್ರ ಕೆಂಪಗ ಹೊಳಿಯೋ ತನಕ ಕತ್ತರಿಸಿ ಹೊಸ ಲಗ್ ಕ್ರಿಂಪ್ ಮಾಡ್ರಿ (ಇಕ್ಕಳದಿಂದ ಗಟ್ಟಿ ಒತ್ತರಿ), ಎಳದ್ರ ಬರಬಾರ್ದು.

ಕವರ್ ಹಾಕಿ, ಬಿಸಿನೀರಿನ ನಳ ತಗದು ಒಂದೇ ಸಮ ಧಾರೆ ಬರೋ ತನಕ ಕಾಯ್ರಿ, ಆಮ್ಯಾಲೆ ಪ್ಲಗ್ ಹಾಕ್ರಿ. ನಮ್ಮ ಕಡೆ ನಳದ ನೀರು ದಿನಾ ಬರಂಗಿಲ್ಲ, ಮ್ಯಾಲಿನ ಟ್ಯಾಂಕ್ ಖಾಲಿ ಇದ್ದಾಗ ಗೀಸರ್ ಹಚ್ಚಿದ್ರ ಎಲಿಮೆಂಟ್ ಸುಡ್ತೈತಿ. ನಾಬ್ 55 ರಿಂದ 60 ಡಿಗ್ರಿ ಒಳಗ ಇರ್ಲಿ. ಗದಗ, ಹಾವೇರಿ ಕಡೆ ಬೋರ್ ನೀರು ಬಳಸೋರಿಗೆ 55 ಛಲೋ, ನೀರು ಜಾಸ್ತಿ ಕಾದಷ್ಟು ಸುಣ್ಣ ಜಲ್ದಿ ಕಟ್ಟತೈತಿ. 2000 ವ್ಯಾಟ್ ಗೀಸರ್‌ನಾಗ 15 ಲೀಟರ್ ನೀರು 25 ರಿಂದ 60 ಡಿಗ್ರಿಗೆ ಬರಾಕ ಸುಮಾರು 20 ನಿಮಿಷ ಬೇಕು, ಆವಾಗ ಟಕ್ ಅಂತ ಸೌಂಡ್ ಬಂದು ಹೀಟಿಂಗ್ ಲೈಟ್ ಆರಬೇಕು. ಅರ್ಧ ತಾಸಾದ್ರೂ ಆರಲಿಲ್ಲ ಅಂದ್ರ ಎಂಸಿಬಿ ಕೆಳಗ ಮಾಡಿ, ರಾಡ್ ಪೂರ್ತಿ ಒಳಗ ಕೂತೈತೋ ಇಲ್ಲೋ ಮತ್ತೊಮ್ಮೆ ನೋಡ್ರಿ.